ಕವಿಯ ಬಾಯಿಗೆ ಹಿಡಿದ ಮೈಕು

ನಾನು ಒಂದು ಮೈಕು. ಹುಟ್ಟಿದ್ದು ಕರಾಚಿಯ ಕಾರ್ಖಾನೆಯಲ್ಲಿ, ಬೆಳೆದದ್ದು ಸಿಂಧೂ ದಡದ ಸಣ್ಣ ಪೇಟೆಯ ಶಾಮಿಯಾನದ ಅಂಗಡಿಯಲ್ಲಿ. ಒಡೆಯ ಖಮೀಸೊ ಮಹಾ ಪುಕ್ಕಲ. ಮದುವೆ, ಉರುಸು, ಚುನಾವಣೆ ಎಲ್ಲಕ್ಕೂ ನನ್ನನ್ನು ಬಾಡಿಗೆಗೆ ಕೊಡುತ್ತಿದ್ದ. ಎಷ್ಟು ಬಾಯಿಗಳ ಎಂಜಲು ತಿಂದಿದ್ದೇನೋ! ಮುಖಂಡರ ಉಸಿರಿನಲ್ಲಿ ಏಲಕ್ಕಿ, ಮಾತಿನಲ್ಲಿ ಹುಳುಕು.

ನನಗೆ ಹಿಡಿಸಿದ ಬಾಯಿ ಒಂದೇ, ಸಿಂಧಿ ಕವಿ ಸಾಂವಣ ಮಲ್ಲಾಹನದು. ದೋಣಿಯವರ ಮಗ. ಕವಿಗೋಷ್ಠಿಯಲ್ಲಿ ಮೊದಲು ನನ್ನೆದುರು ಕೆಮ್ಮಿ, ಆಮೇಲೆ ಒಂದು ಸಾಲು ಹೇಳಿ ನಿಲ್ಲುತ್ತಿದ್ದ. ಸಾಲು ಹಿಡಿಸಿದರೆ ಜನ "ಇನ್ನೊಮ್ಮೆ, ಸಾಯೀಂ!" ಎಂದು ಕೂಗಬೇಕು, ಕವಿ ಮತ್ತೆ ಹೇಳಬೇಕು. ಇಲ್ಲಿಯ ರೂಢಿ ಅದು; ಸಾಯೀಂ ಎಂದರೆ ಸ್ವಾಮಿ. ಎಲ್ಲರಿಗಿಂತ ಮೊದಲು ಕೂಗುತ್ತಿದ್ದವನು ನಮ್ಮ ಖಮೀಸೊ.

ಸೈನಿಕರ ಆಳ್ವಿಕೆ ಬಂತು. ಮೆರವಣಿಗೆ ಹೊರಟ ಹುಡುಗರಿಗೆ ಗುಂಡಿಟ್ಟು ಹೊಳೆಗೆ ಎಸೆದರು. ಬಲೆ ಹಾಕಿ ಹೆಣ ಎತ್ತಿದ್ದು ಸಾಂವಣನ ಮನೆಯವರೇ. ಅವನು ಅದನ್ನೇ ಕವಿತೆ ಮಾಡಿದ. ಪುಸ್ತಕ ಸುಟ್ಟರು, ವೇದಿಕೆ ಮುಚ್ಚಿದರು. ಮೂರು ವರ್ಷ ಅವನ ಸಾಲು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಅವನನ್ನೇ ಹಿಡಿದು ಚಾಟಿಯೇಟಿನ ಶಿಕ್ಷೆ ಕೊಟ್ಟರು.

ಪೊಲೀಸರು ನನ್ನನ್ನೂ ಖಮೀಸೊನನ್ನೂ ಮೈದಾನಕ್ಕೆ ಎಳೆದೊಯ್ದರು. ಊರೆಲ್ಲ ಸೇರಿತ್ತು. ಸಾಂವಣನನ್ನು ಮರದ ಚೌಕಟ್ಟಿಗೆ ಬಿಗಿದಿದ್ದರು. ಮೇಜರ್ ನನ್ನನ್ನು ಅವನ ತುಟಿಗೆ ತಾಗಿಸಿ ನಿಲ್ಲಿಸಿದ.

"ನಿನ್ನ ಚೀರಾಟ ಊರಿಗೆಲ್ಲ ಕೇಳ್ಲಿ. ಕ್ಷಮೆ ಕೇಳಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ."

ಕವಿಗೆ ತಾನಾಗಿ ಮೈಕು ಹಿಡಿದ ಬುದ್ಧಿವಂತ!

ಮೊದಲ ಏಟಿಗೇ ಬೆನ್ನಿನ ಚರ್ಮ ಬಿರಿಯಿತು. ಸಾಂವಣ ಚೀರಿದ. ಎರಡನೆಯದಕ್ಕೆ ನಾಲಿಗೆ ಕಚ್ಚಿಕೊಂಡ. ಬಿಸಿ ರಕ್ತ ನನ್ನ ಜಾಲರಿಗೆ ಸಿಡಿಯಿತು. ಕ್ಷಮೆ ಕೇಳಿ ಬದುಕಿಕೊಳ್ಳೋ ಮಾರಾಯ ಎಂದು ನಾನು ಒಳಗೇ ಬೇಡಿಕೊಂಡೆ.

ಅವನು ಕೆಮ್ಮಿದ.

"ನಮ್ಮ ಮಕ್ಕಳನ್ನು ಹೊಳೆಗೆ ಎಸೆದಿರಿ."

ಚಾಟಿ ಬಿತ್ತು. ಮಾಂಸ ಕಿತ್ತು ಬಂತು.

"ಹೊಳೆ ಅವರನ್ನು ನಮ್ಮ ಬಾಗಿಲಿಗೆ ಹೊತ್ತು ತಂದಿತು."

ಆಗ ಒಬ್ಬನ ಬಾಯಿಂದ, ಬರೀ ಅಭ್ಯಾಸಬಲದಿಂದ, ಕೂಗು ಹೊರಬಿತ್ತು. "ಇನ್ನೊಮ್ಮೆ, ಸಾಯೀಂ!"

ಖಮೀಸೊ! ಏನು ಕೇಳಿಬಿಟ್ಟೆ ಎಂದು ಹೊಳೆದದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆದರೆ ಸಾಂವಣ ತಲೆಯೆತ್ತಿದ. ಏಟು ಬೀಳುತ್ತಿದ್ದಂತೆಯೇ ಮೊದಲಿನಿಂದ ಹೇಳಿದ. ಈ ಸಲ ಅವನೊಂದಿಗೆ ಇಡೀ ಮೈದಾನ ಹೇಳಿತು. ಮೇಜರ್ ಬಂದೂಕಿನ ಹಿಡಿಯಿಂದ ಖಮೀಸೊನ ದವಡೆ ಮುರಿದ, ನನ್ನನ್ನು ಕಿತ್ತು ಬೂಟಿನಡಿ ಹಾಕಿ ತುಳಿದ. ನಾನು ಮೂಕನಾದೆ. ಸಾಂವಣ ಆ ಚೌಕಟ್ಟಿನಲ್ಲೇ ಪ್ರಾಣ ಬಿಟ್ಟ.

ಈಗ ನಾನು ಅಂಗಡಿಯ ಮೂಲೆಯಲ್ಲಿ, ತುಕ್ಕು ಹಿಡಿದ ಕಂಬಗಳ ಜೊತೆ ಬಿದ್ದಿದ್ದೇನೆ. ಸಾವಿರ ಭಾಷಣ ಹೊತ್ತ ಬಾಳು ನನ್ನದು; ಆ ಎರಡು ಸಾಲಿನ ಮುಂದೆ ಅವೆಲ್ಲ ಕಸ.

ಒಮ್ಮೆ ಸಾಂವಣನ ಹೆಂಡತಿ ಸಭಾಗಿ ಅಂಗಡಿಗೆ ಬಂದಳು. ಖಮೀಸೊ ಅವಳ ಕಾಲ ಬಳಿ ಕುಸಿದ.

"ಅಕ್ಕಾ, ಇನ್ನೊಂದು ಏಟು ಬೀಳ್ಲಿ ಅಂತ ನಾನೇ ಕೇಳಿದ ಹಾಗಾಯ್ತು."

ಅವಳು ಬಗ್ಗಿ ಅವನ ಸೊಟ್ಟ ದವಡೆಯನ್ನು ಮುಟ್ಟಿದಳು.

"ಮೂರು ವರ್ಷದಿಂದ ಅವರನ್ನ ಯಾರೂ 'ಇನ್ನೊಮ್ಮೆ' ಅಂತ ಕೇಳಿರ್ಲಿಲ್ಲ, ಅಣ್ಣಾ."