ಎಂಟು ಸಾಲಿನ ಔಷಧ

"ಕಲ್ಲು ಹತ್ತೇದ. ಇನ್ನ ಸ್ವಲ್ಪ ಈಚಿ ಅಗೀರಿ" ಎಂದು ಊರ ಹಿರಿಯ ಕಲ್ಯಾಣಪ್ಪ ಹೆಣ ಹೂಳುವ ಕುಣಿಯೊಳಗಿದ್ದವರಿಗೆ ಹಾರೆ ಬದಲಿಸಿ ಕೊಟ್ಟ. ತಾಂಡೂರಿನ ನೆಲವೇ ಹಾಗೆ, ಮೊಳದ ಕೆಳಗೆ ಬಂಡೆ.

ಜಹೀರಾಬಾದಿನ ಪ್ರಯೋಗಾಲಯದಿಂದ ಬಂದಿದ್ದ ಮೃಣಾಲಿನಿ ದೂರದಲ್ಲೇ ನಿಂತಳು. ಬೆಳಿಗ್ಗೆ ರೈತ ಸಾಯಪ್ಪನ ಮಗ ದೇವಿದಾಸ ಫೋನ್ ಮಾಡಿದ್ದ: "ಅಪ್ಪ ಹೋದ್ರಿ ಮೇಡಮ್. ನಿಮಗ ತಿಳಸು ಅಂದಿದ್ದ." ಎರಡು ವರ್ಷ ಮಾತೇ ಇರದ ಮನುಷ್ಯ ಹಾಗೇಕೆ ಹೇಳಿದನೋ ಅವಳಿಗೆ ತಿಳಿದಿರಲಿಲ್ಲ.

*

ಎರಡು ವರ್ಷದ ಹಿಂದೆ ಸಾಯಪ್ಪನ ಹೊಲದಲ್ಲಿ ಹದಿನಾರು ಸಾಲು ತೊಗರಿ. ಎಂಟಕ್ಕೆ ಕಿಣ್ವ ಬೆರೆಸಿದ ನೀರು, ಉಳಿದ ಎಂಟಕ್ಕೆ ಬರೀ ನೀರು. ಬೇರಿಗೆ ನೆಟೆ ರೋಗ ತರುವ ಶಿಲೀಂಧ್ರದ ಹೊರಪದರವನ್ನು ಆ ಕಿಣ್ವ ಕರಗಿಸುತ್ತದೆಂದು ಅವಳು ಹೊಲದಲ್ಲಿ ತೋರಿಸಬೇಕಿತ್ತು. ಹೂವಾಡುವ ಹೊತ್ತಿಗೆ ಬಂದು ನೋಡಿದರೆ ಎರಡೂ ಕಡೆ ಅರ್ಧರ್ಧ ಗಿಡ ಒಣಗಿದ್ದವು; ಔಷಧ ಹಾಕಿದ ಸಾಲಿಗೂ ಹಾಕದ ಸಾಲಿಗೂ ವ್ಯತ್ಯಾಸವೇ ಇರಲಿಲ್ಲ.

"ಔಷಧ ಯಾರಿಗೆ ಮಾರಿದಿ, ಸಾಯಪ್ಪಾ?" ಊರವರ ಮುಂದೆಯೇ ಕೇಳಿದ್ದಳು.

ಅವಳಪ್ಪನ ವಯಸ್ಸಿನವನು. "ತಪ್ಪಾತ್ರಿ" ಎಂದು ತಲೆ ತಗ್ಗಿಸಿದ. ರೈತ ನಂಬಿಕಸ್ಥನಲ್ಲ ಎಂದು ಅವಳು ವರದಿ ಬರೆದಳು. ಪ್ರಯೋಗ ಅಲ್ಲಿಗೇ ನಿಂತಿತು.

*

ಸಾಯಪ್ಪನ ಹೆಂಡತಿ ಧಮ್ಮಶೀಲಾ ಅವಳ ಬಳಿ ಬಂದು ಕುಳಿತಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಮಾರಿದ್ದಿಲ್ರಿ ಆತ. ನೀವು ಕೊಟ್ಟಿದ್ದ ಎಂಟ ಸಾಲಿನ ಔಷಧಕ್ಕ ಮತ್ತಷ್ಟ ನೀರ ಕೂಡಿಸಿ ಹದಿನಾರಕ್ಕೂ ಹಾಕ್ಯಾನ. ಈ ಕಡಿ ಹಸರಿದ್ದು ಆ ಕಡಿ ಒಣಗೋದು ನೋಡಾಕ ಆಗಲಿಲ್ಲ ಅಂದ."

"ಅವತ್ತೇ ಹೇಳಬಹುದಿತ್ತಲ್ಲ ಅಮ್ಮಾ."

"ಮಾತ ಕೊಟ್ಟು ತಪ್ಪೀನಿ ಅಂತ ನಾಚಿಕಿ. ಆ ಮ್ಯಾಲ ಊರಾಗ ಕಳ್ಳ ಅಂದ್ರು, ಯಾರೂ ಕೆಲಸಕ್ಕ ಕರೀಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾಜೂ ಹೊಲದಾಗ ಒಂದ ಗಿಡ ಉಳಿದಿದ್ದಿಲ್ಲ, ನಮ್ಮವು ಅರ್ಧ ಉಳದಾವ, ಔಷಧ ಖರೇ ಅದ ಅಂತ ಮೇಡಮ್‌ಗ ಹೇಳು ಅಂದಾನ್ರಿ."

ಪಕ್ಕದ ಆ ಹೊಲವನ್ನು ಅಂದು ತಾನು ತಿರುಗಿಯೂ ನೋಡಿರಲಿಲ್ಲ ಎಂಬುದು ಮೃಣಾಲಿನಿಗೆ ಆಗ ನೆನಪಾಯಿತು.

ಎದ್ದು ಕುಣಿಯ ಬಳಿ ಹೋದಳು. ಸಾಯಪ್ಪನನ್ನು ಕೆಳಗಿಳಿಸಿಯಾಗಿತ್ತು.

"ಸಾಯಪ್ಪನವರು ಔಷಧ ಮಾರಿರಲಿಲ್ಲ" ಎಂದಳು.

ಕಲ್ಯಾಣಪ್ಪ ಮೆತ್ತಗೆ ತಡೆದ. "ಈಗ್ಯಾಕ್ರಿ ಮೇಡಮ್ ಆ ಮಾತು? ಹೋದ ಮನಶ್ಯಾ. ಆತನ ಕಳವು ನಾವೆಲ್ಲಾ ಮಾಫ್ ಮಾಡೀವಿ." ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ದೂರದಿಂದ ಬಂದೀರಿ. ಮೊದಲ ನೀವು ಮಣ್ಣ ಹಾಕ್ರಿ."

ಅವಳು ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಹಿಂದೆ ಊರೆಲ್ಲ ಸಾಲುಗಟ್ಟಿ ಕಾಯುತ್ತಿತ್ತು. ಕುಣಿಯ ಮೇಲೆ ಚಾಚಿದ ಕೈ ಹಾಗೆಯೇ ನಿಂತಿತು, ಮುಷ್ಟಿ ಬಿಚ್ಚಲಿಲ್ಲ.