ಜೀಪಿನ ನೆತ್ತಿಗೊಂದು ತೂತು

ನಾಗಲಿಂಗನ ಜೀಪಿಗೆ ತೂತು ಕೊರೆಯುವುದೂ ಒಂದೇ, ಅವನ ನೆತ್ತಿಗೆ ಕೊರೆಯುವುದೂ ಒಂದೇ. ಅಮಾವಾಸ್ಯೆ ಬಂತೆಂದರೆ ಅದರ ಮೈ ತೊಳೆದು, ಕುಂಕುಮವಿಟ್ಟು, ಲಿಂಬೆಹಣ್ಣು ಕಟ್ಟುವ ಆಸಾಮಿ ಅವನು. ಜೀಪು ಕಲ್ಲು ಕ್ವಾರಿಯ ಸಾವ್ಕಾರ ಅಂದಪ್ಪನದು, ಇವನು ಬರೀ ಡ್ರೈವರ್ ಎಂಬುದು ಕಾಗದದ ಮಾತಾಯಿತು. ಅಂಥವನ ಎದುರಿಗೇ ಆ ಬುಧವಾರ ಬೆಳಿಗ್ಗೆ ತಬಸುಮ ಇಳಕಲ್ಲಿನ ತನ್ನ ಅಂಗಡಿಯ ಮುಂದೆ ಡ್ರಿಲ್ ಮಶಿನ್ನು ಹಿಡಿದು ಏಣಿ ಹತ್ತಿದ್ದಳು.

"ಮೂಲ್ಯಾಗ ಹಾಕಿದ್ರ ಆಗೂದಿಲ್ಲೇನ ತಂಗಿ?" ನಾಗಲಿಂಗ ಏಣಿಯ ಕಾಲು ಹಿಡಿದುಕೊಂಡೇ ಕೇಳಿದ.

"ಇಲ್ಲಣ್ಣ, ನಟ್ಟನಡುವನ ಬೇಕು. ಆಂಟೆನಾಕ್ಕ ಈ ತಗಡ ನೆಲ ಇದ್ದಂಗ. ಬುಡ ತಗಡಿಗೆ ತಾಗಿರಬೇಕು, ನಾಕೂ ಕಡೆ ತಗಡು ಇರಬೇಕು. ಅಂದ್ರನ ಮಾತು ದೂರ ಹೋಗತೈತಿ."

"ಮಳಿ ಬಂದ್ರ ನನ್ನ ತಲಿ ಮ್ಯಾಲನ ಸೋರತೈತಲ್ಲ?"

"ಸೋರೂದಿಲ್ಲ. ಬುಡದ ಸುತ್ತ ರಬ್ಬರ್ ಹಾಕತೇನಿ."

ನಾಗಲಿಂಗನಿಗೆ ರಬ್ಬರಿನ ಮೇಲೆ ನಂಬಿಕೆ ಹುಟ್ಟಲಿಲ್ಲ. ಆದರೂ ಸ್ಟೇರಿಂಗಿನ ಹತ್ತಿರ ಇಟ್ಟಿದ್ದ ಕುಂಕುಮದ ಪೊಟ್ಟಣ ತಂದು ಡ್ರಿಲ್ಲಿನ ಮೂತಿಗೊಂದು, ತಗಡಿಗೊಂದು ಬೊಟ್ಟು ಇಟ್ಟು, ಅತ್ತ ತಿರುಗಿ ಕಣ್ಣು ಮುಚ್ಚಿಕೊಂಡ. ಡ್ರಿಲ್ಲು ಕಿರ್ರೆಂದಾಗ ಹಲ್ಲು ಕಚ್ಚಿದ. ಮಧ್ಯಾಹ್ನದ ಹೊತ್ತಿಗೆ ಆಂಟೆನಾ ಜೀಪಿನ ನೆತ್ತಿಯ ಮೇಲೆ ನೆಟ್ಟಗೆ ನಿಂತಿತು. ತಬಸುಮ ಮೀಟರಿನ ಒಂದು ಕಡ್ಡಿಯನ್ನು ಆಂಟೆನಾದ ಬುಡಕ್ಕೂ ಇನ್ನೊಂದನ್ನು ತಗಡಿಗೂ ತಾಗಿಸಿದಳು. ಮೀಟರು ಪೀಂ ಎಂದಿತು. ಎಲ್ಲ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಈ ವೈರ್‌ಲೆಸ್ ಸೆಟ್ಟಿನ ಹಿಂದೆ ಒಂದು ನೋವಿನ ಕಥೆಯಿತ್ತು. ಹೋದ ಬೇಸಿಗೆಯಲ್ಲಿ ಅಂದಪ್ಪನ ಕ್ವಾರಿಯ ತಳದಲ್ಲಿ ಬಂಡೆಯೊಂದು ಜಾರಿ ಅರ್ಜು ಎಂಬ ಕೆಲಸಗಾರನ ಕಾಲು ಸಿಕ್ಕಿಕೊಂಡಿತ್ತು. ಆ ಆಳದ ತೆಗ್ಗಿನಲ್ಲಿ ಮೊಬೈಲು ಮಾತಾಡುವುದಿಲ್ಲ. ಫೋನು ಹತ್ತುವ ಜಾಗದ ತನಕ ನಾಗಲಿಂಗ ಜೀಪು ಓಡಿಸಿ ಮೇಲೆ ಬರುವಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ಅರ್ಜು ಬದುಕಿದ, ಆದರೆ ಇವತ್ತಿಗೂ ಕುಂಟುತ್ತಾನೆ. ಅದಾದ ಮೇಲೆ ಅಂದಪ್ಪ ಪರವಾನಗಿ ಮಾಡಿಸಿ ಎರಡು ಸೆಟ್ಟು ತರಿಸಿದ. ಒಂದು ಮೇಲಿನ ಆಫೀಸಿಗೆ, ಇನ್ನೊಂದು ಕೆಲಸದ ಹೊತ್ತಿನಲ್ಲಿ ತೆಗ್ಗಿನಲ್ಲೇ ನಿಂತಿರುವ ಜೀಪಿಗೆ.

ಕೆಲಸವನ್ನು ಅವನು ಒಪ್ಪಿಸಿದ್ದು ತಬಸುಮಳ ಅಪ್ಪ ಖಾಸಿಂಸಾಬನಿಗೆ. ಸುತ್ತಲಿನ ಊರುಗಳಲ್ಲಿ ಆತ ಮುಟ್ಟದ ರೇಡಿಯೋ ಇರಲಿಲ್ಲ. ಆದರೆ ಎರಡು ವರ್ಷದಿಂದ ಆತನ ಕೈ ನಡುಗತೊಡಗಿ, ಕೆಲಸವೆಲ್ಲ ಮಗಳ ಪಾಲಿಗೆ ಬಂದಿತ್ತು. ಬಾಗಲಕೋಟೆಯಲ್ಲಿ ಐಟಿಐ ಕಲಿತು ಬಂದ ಅವಳ ಕೈ ಅಪ್ಪನ ಕೈಗಿಂತ ಚುರುಕು. ಆದರೇನು, ಬಂದ ಗಿರಾಕಿಯೆಲ್ಲ ಅವಳ ಭುಜದಾಚೆ ಇಣುಕಿ "ಚಾಚಾ ಇಲ್ಲೇನು?" ಎಂದು ಕೇಳಿ, ಸಾಮಾನು ಬಗಲಲ್ಲಿ ಇಟ್ಟುಕೊಂಡು ಹೊರಟುಬಿಡುತ್ತಿದ್ದರು. ಇದನ್ನು ನೋಡಿ ನೋಡಿ ಖಾಸಿಂಸಾಬ ಬೇಸತ್ತಿದ್ದ. ಅಮೀನಗಡದ ಕರದಂಟಿನ ವ್ಯಾಪಾರಿಯೊಬ್ಬ ಅಂಗಡಿಯನ್ನು ಬಾಡಿಗೆಗೆ ಕೇಳಿದ್ದ. ಇವನು ಹೂಂ ಅನ್ನುವುದೊಂದು ಬಾಕಿ.

"ಇದೊಂದು ಕೆಲಸ ನೋಡೂಣ ಬೇಟಾ," ಎಂದಿದ್ದ ಮಗಳಿಗೆ. "ತೆಗ್ಗಿನ ತಳದಿಂದ ನಿನ್ನ ದನಿ ನನಗ ಕೇಳಿಸ್ತಂದ್ರ ಅಂಗಡಿ ಉಳೀತೈತಿ. ಇಲ್ಲಂದ್ರ ಕರದಂಟಿನವಗ ಕೀಲಿ ಕೊಡತೇನಿ."

ಗುರುವಾರ ಬೆಳಿಗ್ಗೆ ಕ್ವಾರಿಯ ಆಫೀಸಿನಲ್ಲಿ ಖಾಸಿಂಸಾಬ ಸೆಟ್ಟಿನ ಮುಂದೆ ಕುಳಿತ. ಪಕ್ಕದಲ್ಲಿ ಅಂದಪ್ಪ. ತಬಸುಮ ಜೀಪು ಹತ್ತಿ ನಾಗಲಿಂಗನ ಮಗ್ಗುಲಲ್ಲಿ ಕುಳಿತು ಗುಂಡಿ ಒತ್ತಿ ಅಪ್ಪನನ್ನು ಕರೆದಳು.

"ಅಬ್ಬಾ, ಕೇಳತೈತೇನು?"

"ಮೊದಲ ಯಾರಂತ ಹೆಸರು ಹೇಳಬೇಕು, ಆಮ್ಯಾಲೆ ಮಾತು," ಎಂದು ಅಪ್ಪನ ಪಾಠ ಬಂತು. "ಇದು ಖಾಸಿಂಸಾಬ ರೇಡಿಯೋ ಅಂಗಡಿ. ಹೇಳ್ರಿ."

ತಬಸುಮ ನಕ್ಕಳು. ಜೀಪು ಇಳಿಯತೊಡಗಿತು. ಮೊದಲನೆಯ ತಿರುವಿನಲ್ಲಿ ಮಾತು ಸ್ಪಷ್ಟವಾಗಿತ್ತು. ಎರಡನೆಯದರಲ್ಲಿ ಬಾಣಲೆಯಲ್ಲಿ ಮಿರ್ಚಿ ಬಿಟ್ಟಂಥ ಸದ್ದು. ತಳ ಮುಟ್ಟಿದಾಗ ಅದೂ ಇಲ್ಲ. ಐದು ಸಲ ಕೂಗಿದಳು, ಆರು ಸಲ ಕೂಗಿದಳು. ಗಂಟಲ ಪಸೆ ಆರಿತೇ ಹೊರತು ಉತ್ತರ ಬರಲಿಲ್ಲ. ಸುತ್ತಲಿನ ಕೆಲಸಗಾರರು ಸುತ್ತಿಗೆ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದರು.

ಮೇಲೆ ಬಂದಾಗ ಅಂದಪ್ಪನ ಹುಬ್ಬು ಗಂಟಿಕ್ಕಿತ್ತು.

"ಮೊಬೈಲಿಗೂ ಇದಕ್ಕೂ ಏನ ಫರಕ ಆತವಾ? ನಾಳಿಂದ ತೆಳಗ ಹೊಸ ಕಲ್ಲು ಬಿಡಸೂದೈತಿ. ನಾ ಹುಬ್ಬಳ್ಳಿಯವ್ರನ್ನ ಕರಸ್ತೇನಿ." ಆಮೇಲೆ ಖಾಸಿಂಸಾಬನ ಕಡೆ ತಿರುಗಿ, "ಚಾಚಾ, ನಿಮ್ಮ ಕೈ ಇದ್ದಿದ್ರ ಹಿಂಗ ಆಗತಿರಲಿಲ್ಲ ಬಿಡ್ರಿ," ಎಂದ.

ಆ ಮಾತು ತಬಸುಮಳ ಎದೆಗೆ ನೆಟ್ಟಿತು. ಅಪ್ಪ ಏನಾದರೂ ಅಂದಾನೆಂದು ನೋಡಿದಳು. ಅವನು ತಲೆ ತಗ್ಗಿಸಿ ಜುಬ್ಬಾದ ಜೇಬು ಮುಟ್ಟಿ ನೋಡಿಕೊಂಡ. ಅಂಗಡಿಯ ಕೀಲಿ ಅಲ್ಲೇ ಇತ್ತು.

"ಊಟದ ಹೊತ್ತಿನ ತನಕ ಟೈಮ್ ಕೊಡ್ರಿ ಸಾವ್ಕಾರ್ರ," ಎಂದಳು. "ಅಷ್ಟರಾಗ ಆಗಲಿಲ್ಲಂದ್ರ ಯಾರನ್ನ ಬೇಕಾದ್ರೂ ಕರಸ್ರಿ."

ಅಂದಪ್ಪ ಗಡಿಯಾರ ನೋಡಿ ತಲೆಯಾಡಿಸಿದ. ತಬಸುಮ ಏಣಿ ಹಾಕಿ ಜೀಪಿನ ಮೇಲೆ ಹತ್ತಿ ಮೀಟರು ಹಿಡಿದಳು. ನಿನ್ನೆ ಪೀಂ ಎಂದ ಮೀಟರು ಇವತ್ತು ತುಟಿ ಪಿಟಕ್ಕೆನ್ನಲಿಲ್ಲ. ಬಗ್ಗಿ ನೋಡಿದರೆ ಆಂಟೆನಾದ ಬುಡದ ಸುತ್ತ ಕಪ್ಪನೆಯ ಉಂಗುರ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ್ದು.

"ನಾಗಲಿಂಗಣ್ಣ, ಇದೇನು?"

ನಾಗಲಿಂಗ ಆಕಾಶ ನೋಡಿದ.

ಕಲ್ಲಿಗೆ ಹಚ್ಚುವ ಅಂಟು! ಇಳಕಲ್ಲಿನವರ ಕೈಗೆ ಆ ಡಬ್ಬಿಯೊಂದು ಸಿಕ್ಕರೆ ಮುಗಿಯಿತು. ಸೀಳಿದ ಬಂಡೆಗೆ ಹಚ್ಚಬೇಕಾದ್ದನ್ನು ಒಡೆದ ಬಕೀಟಿಗೆ ಹಚ್ಚುತ್ತಾರೆ, ಸೋರುವ ನಳಕ್ಕೆ ಹಚ್ಚುತ್ತಾರೆ, ಮುರಿದ ಮಂಚದ ಕಾಲಿಗೂ ಹಚ್ಚುತ್ತಾರೆ. ಹುಬ್ಬಳ್ಳಿಯವನಾಗಲಿ ಬೆಳಗಾವಿಯವನಾಗಲಿ ಈ ತಪ್ಪು ಮಾಡುತ್ತಿರಲಿಲ್ಲ, ಇದು ಅಪ್ಪಟ ನಮ್ಮೂರಿನ ತಪ್ಪು. ನಿನ್ನೆ ಜೀಪು ತೆಗೆದುಕೊಂಡು ಮನೆಗೆ ಹೋದ ನಾಗಲಿಂಗ ನಟ್ಟು ಬಿಚ್ಚಿ, ಮೇಲೆ ಕೆಳಗೆ ಧಾರಾಳವಾಗಿ ಅಂಟು ಮೆತ್ತಿ, ಮತ್ತೆ ಬಿಗಿದಿದ್ದ. ತಗಡಿಗೂ ಬುಡಕ್ಕೂ ನಡುವೆ ಅಂಟು ಕುಳಿತಿತ್ತು. ಆಂಟೆನಾಕ್ಕೆ ಕಾಲೂರಲು ನೆಲವೇ ಇರಲಿಲ್ಲ.

"ಸೋರಬಾರದಂತ ಮಾಡೀನಿ ತಂಗಿ," ಎಂದ ಅವನು ಸಣ್ಣ ದನಿಯಲ್ಲಿ.

ತಬಸುಮಳ ಪಿತ್ತ ನೆತ್ತಿಗೇರಿತು. ಮೂರು ತಾಸಿನ ಕೆಲಸ, ಅಪ್ಪನ ಅಂಗಡಿ, ಎಲ್ಲವನ್ನೂ ಈ ಮನುಷ್ಯ ಒಂದು ಡಬ್ಬಿ ಅಂಟಿನಲ್ಲಿ ಮುಳುಗಿಸಿದ್ದ. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ತಡೆದಳು. ಅಷ್ಟರಲ್ಲಿ ಅಂದಪ್ಪ ಆಫೀಸಿನ ಬಾಗಿಲಿಗೆ ಬಂದು, "ಯಾರದಲೇ ತಪ್ಪು?" ಎಂದು ಗುಡುಗಿದ.

"ನಂದರೀ," ಎಂದಳು ತಬಸುಮ. "ಸೋರೂದಿಲ್ಲಂತ ಬಾಯಿಲೆ ಹೇಳಿದ್ನಿ. ನೀರು ಹಾಕಿ ತೋರಿಸಬೇಕಿತ್ತು, ತೋರಿಸಲಿಲ್ಲ."

ಖಾಸಿಂಸಾಬ ಅವತ್ತು ಮೊದಲ ಸಲ ತಲೆ ಎತ್ತಿ ಮಗಳನ್ನು ನೋಡಿದ.

ನಾಗಲಿಂಗನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ತಬಸುಮ ಉಳಿ ಎತ್ತಿಕೊಳ್ಳುವಷ್ಟರಲ್ಲಿ ಸರಸರ ಏಣಿ ಹತ್ತಿ ಬಂದ. "ಉಳಿ ಹಚ್ಚಬ್ಯಾಡ ತಂಗಿ, ತಗಡು ಹರೀತೈತಿ. ಕಾಸಿದ್ರ ಮೆತ್ತಗಾಗತೈತಿ. ಕಲ್ಲಿನ ಪಾಲಿಶ್ ಫ್ಯಾಕ್ಟರ್ಯಾಗ ಹತ್ತು ವರ್ಷ ಇದನ್ನ ಮಾಡೀನಿ."

"ಕಾಸಿದ್ರ ನಿನ್ನ ಜೀಪಿನ ಬಣ್ಣ ಸುಡತೈತಣ್ಣ."

ನಾಗಲಿಂಗ ತಗಡಿನ ಮೇಲೊಮ್ಮೆ ಕೈ ಸವರಿದ. "ಸುಡಲಿ," ಎಂದ.

ಆಫೀಸಿನಿಂದ ಉದ್ದ ವಾಯರು ಎಳೆದು ತಬಸುಮ ಬಿಸಿಗಾಳಿ ಬಿಡುವ ಗನ್ನು ಹಚ್ಚಿದಳು. ನಾಗಲಿಂಗ ಹಸಿ ಗೋಣಿಚೀಲ ಸುತ್ತ ಹಾಸಿ, ಎಷ್ಟು ಕಾಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಬೆರಳಲ್ಲೇ ತೋರಿಸುತ್ತಿದ್ದ. ಬಿಳಿಯ ಬಣ್ಣ ಕಂದಾಗಿ ಗುಳ್ಳೆ ಎದ್ದಿತು. ಅವನು ಈ ಸಲ ಕಣ್ಣು ಮುಚ್ಚಲಿಲ್ಲ. ಕಪ್ಪು ಅಂಟು ಬೆಲ್ಲದ ಪಾಕದ ಹಾಗೆ ಮೆತ್ತಗಾಗಿ ಚೂರು ಚೂರೇ ಎದ್ದು ಬಂತು. ತಬಸುಮ ಮೇಲಿಂದಲೂ ಒಳಗಿಂದಲೂ ತಗಡನ್ನು ಬೆಳ್ಳಗೆ ಹೊಳೆಯುವ ತನಕ ಕೆರೆದು, ಹೊಸ ರಬ್ಬರು ಹಾಕಿ, ನಟ್ಟು ಬಿಗಿದು, ಮೀಟರು ತಾಗಿಸಿದಳು.

ಪೀಂ!

"ಇನ್ನ ಒಳಗ ಕೂಡಣ್ಣ," ಎಂದಳು. ನಾಗಲಿಂಗ ಟೋಪಿ ತೆಗೆದು ಆಂಟೆನಾದ ಕೆಳಗೇ ಕುಳಿತ. ಅವಳು ಮೇಲಿಂದ ಎರಡು ಕೊಡ ನೀರು ಸುರಿದಳು. ಅವನು ಬೋಡುತಲೆ ಸವರಿಕೊಳ್ಳುತ್ತ ಹೊರಬಂದು, "ಒಂದ ಹನಿ ಇಲ್ರೀ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ.

ಊಟದ ಹೊತ್ತಿಗೆ ಇನ್ನೂ ಕಾಲು ತಾಸಿತ್ತು. ಜೀಪು ಇಳಿಯಿತು. ಮೊದಲ ತಿರುವು, ಎರಡನೆಯ ತಿರುವು. ತಬಸುಮ ಬೇಕೆಂದೇ ಮಾತಾಡಲಿಲ್ಲ, ಅವಳಿಗೆ ಭಯವಾಗಿತ್ತು. ತಳದಲ್ಲಿ ಕೆಂಪು ಕಲ್ಲಿನ ಗೋಡೆಗಳು ಸುತ್ತ ಎದ್ದು ನಿಂತಿದ್ದವು. ನಾಗಲಿಂಗ ಇಂಜಿನ್ನು ಬಂದ್ ಮಾಡಿದ. ಅವಳು ಗುಂಡಿ ಒತ್ತಿದಳು.

"ಅಬ್ಬಾ, ನಾ ತಬಸುಮ. ತೆಳಗಿನಿಂದ ಮಾತಾಡಾಕತ್ತೀನಿ. ಕೇಳತೈತೇನು?"

ಗುಂಡಿ ಬಿಟ್ಟಳು. ಒಂದು ಉಸಿರು, ಎರಡು ಉಸಿರು.

"ಕೇಳತೈತಿ ಬೇಟಾ. ಬಾಜೂಕ ಕುಂತು ಮಾತಾಡಿದಂಗ ಕೇಳತೈತಿ."

ಕೆಲಸಗಾರರು ಹೋ ಎಂದು ಕೂಗಿದರು. ನಾಗಲಿಂಗ ಜೀಪಿನ ಬಾಗಿಲು ಬಡಿಯುತ್ತ, "ಇನ್ನ ಕರದಂಟು ತಿನ್ನಾಕ ಅಮೀನಗಡಕ್ಕನ ಹೋಗಬೇಕಲೇ!" ಎಂದ. ತಬಸುಮಳ ಕಣ್ಣು ತುಂಬಿತು, ತುಂಟತನವೂ ಬಂತು.

"ಹೆಸರು ಹೇಳದ ಮಾತಾಡಬಾರದ್ರಿ," ಎಂದಳು ಸೆಟ್ಟಿಗೆ. "ಅಲ್ಲಿ ಯಾರು ಮಾತಾಡೂದು?"

ಮೇಲೆ ಖಾಸಿಂಸಾಬ ಗಂಟಲು ಸರಿಮಾಡಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು.

"ಇದು ತಬಸುಮ ರೇಡಿಯೋ ಅಂಗಡಿ. ನಾ ಅಲ್ಲಿ ಕೆಲಸದಾಂವ, ಖಾಸಿಂಸಾಬ."

ಅವನ ಹಿಂದಿನಿಂದ ಅಂದಪ್ಪನ ದನಿಯೂ ತೇಲಿ ಬಂತು: "ಕ್ವಾರಿಯ ಉಳದ ಮೂರು ಗಾಡಿಗೂ ಆಕೀನ ಸೆಟ್ಟು ಹಾಕ್ಲಿ ಅಂತ ಹೇಳ್ರಿ ಚಾಚಾ."

ತಬಸುಮ ಓಢಣಿಯ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಗುಂಡಿ ಒತ್ತಿದಳು.

"ಹಂಗಾರ ಆ ಕೀಲಿ ತಗೊಂಡು ಲಗೂನ ಅಂಗಡಿ ತಗೀರಿ ಅಬ್ಬಾ. ಕೆಲಸ ಭಾಳ ಐತಿ."