ಸೈಮಾ ದೊಡ್ಡಮ್ಮನ ಬಿಲ್ಲು, ಲೆಂಪಿಯ ತೋಳು

ಲೆಂಪಿ ಬಿಟ್ಟ ಬಾಣ ಹುಲ್ಲಿನ ಮೂಟೆಯನ್ನು ಮುಟ್ಟಲೇ ಇಲ್ಲ. ಎಡಕ್ಕೆ ಸರಿದು ಕೊಟ್ಟಿಗೆಯ ಹಲಗೆಗೆ ಬಡಿದು, ಸೊಟ್ಟಗಾಗಿ ಕೆಳಗೆ ಬಿತ್ತು. ಬೆಳಗಿನಿಂದ ಇದೇ ಕತೆ.

"ಕೊಟ್ಟಿಗೆ ಸತ್ತೇ ಹೋಯ್ತು ಕಣೇ. ಇನ್ನು ಚರ್ಮ ಸುಲಿಯೋದೊಂದು ಬಾಕಿ" ಎಂದ ಆರ್ವೋ, ತನ್ನ ಪಿಕಪ್ಪಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕಾಫಿ ಹೀರುತ್ತಾ.

ಆರ್ವೋ ಅವಳ ದೊಡ್ಡಮ್ಮನ ಮಗ. ಬಾಯಿ ಸ್ವಲ್ಪ ಜಾಸ್ತಿ. ಅವನ ಹತ್ತಿರ ಇದ್ದದ್ದು ತುದಿಗಳಲ್ಲಿ ರಾಟೆ ತಿರುಗುವ ಹೊಸ ಬಿಲ್ಲು. ಮಿಷಿಗನ್ ರಾಜ್ಯದ ಉತ್ತರದ ಕಾಡುಗಳಲ್ಲಿ ಈಗ ಎಲ್ಲರ ಕೈಯಲ್ಲೂ ಅದೇ. ಲೆಂಪಿಯ ಕೈಯಲ್ಲಿದ್ದದ್ದು ಅವನ ತಾಯಿ ಸೈಮಾಳ ಹಳೆಯ ಮೇಪಲ್ ಮರದ ಬಿಲ್ಲು. ತಾಮ್ರದ ಗಣಿಗಳಲ್ಲಿ ಕೆಲಸ ಇದ್ದೂ ಇಲ್ಲದಂತಿದ್ದ ಕಾಲದಲ್ಲಿ ಸೈಮಾ ಅದೇ ಬಿಲ್ಲಿನಿಂದ ಮನೆಯವರ ಚಳಿಗಾಲದ ಮಾಂಸ ಹೊಂದಿಸಿದ್ದಳು. ಭುಜದ ನೋವು ಹೆಚ್ಚಾಗಿ ಹೆದೆ ಎಳೆಯಲಾಗದೆ ಹೋದಾಗ, ಈ ಸಲದ ಬೇಸಿಗೆಯಲ್ಲಿ ಬಿಲ್ಲನ್ನು ತಂಗಿಯ ಮಗಳಿಗೆ ಕೊಟ್ಟುಬಿಟ್ಟಳು. ಮಗನಿಗೆ ಕೊಡಲಿಲ್ಲ. ಅವನು ಅದನ್ನು ಒಲೆಗೆ ಹಾಕೋ ಸೌದೆ ಅಂದಿದ್ದ.

ಕಾಫಿ ಮುಗಿಸಿ ಆರ್ವೋ ಇಳಿದು ಬಂದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

"ತಮಾಷೆ ಬಿಡು, ಲೆಂಪಿ. ಹೊಟ್ಟೆಗೆ ಬಾಣ ಹೊಡೆಸ್ಕೊಂಡ ಜಿಂಕೆ ಜೌಗಲ್ಲಿ ಬಿದ್ದು ನರಳೋದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಈ ಕೋಲು ಹಿಡ್ಕೊಂಡು ನಮ್ಮ ಬೇಟೆ ಕ್ಯಾಂಪಿಗೆ ಬರ್ಬೇಡ."

ಹಂಗಿಸಿದ್ದರೆ ತಿರುಗಿ ಹಂಗಿಸಬಹುದಿತ್ತು. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಚಳಿಗಾಲವಿಡೀ ಕೌಂಟಿ ಆಡಳಿತದ ಪರವಾಗಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವ ಹೆಂಗಸು ಲೆಂಪಿ. ಬಿರುಗಾಳಿಯಲ್ಲೂ ಸ್ಟೇರಿಂಗ್ ಮೇಲೆ ಅದುರದ ಕೈ ಈ ಮರದ ತುಂಡಿನ ಮುಂದೆ ಸೋತಿತೇ? ಬಿಲ್ಲನ್ನು ಬಗಲಲ್ಲಿ ಹಾಕಿಕೊಂಡು ನೆಟ್ಟಗೆ ದೊಡ್ಡಮ್ಮನ ಮನೆಗೆ ನಡೆದಳು.

ಸೈಮಾ ಸೌನಾ ಎಂಬ ಹಬೆಸ್ನಾನದ ಕೋಣೆಯ ಬೆಂಚುಗಳನ್ನು ಅಂಗಳಕ್ಕೆ ಎಳೆದು ತಿಕ್ಕುತ್ತಿದ್ದಳು.

"ತಗೋ ನಿನ್ನ ಬಿಲ್ಲು. ನನ್ನ ಕೈಗೆ ಆಗಿಬರಲ್ಲ ಇದು."

"ಕೈಗೇನು ಬಂದಿದೆ ರೋಗ? ಒಂದ್ಸಲ ಹೊಡಿ, ನೋಡೋಣ."

ಲೆಂಪಿ ಹೊಡೆದಳು. ಮುದುಕಿ ಗುರಿಯ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಹಾರುವ ಬಾಣದ ಮೇಲಿತ್ತು.

"ಯಾವ ಅಂಗಡೀದೇ ಇದು? ಅಲ್ಯೂಮಿನಿಯಮ್ಮಾ?" ಎಂದು ಬಾಣವನ್ನು ಎತ್ತಿಕೊಂಡು ಬಾಗಿಸಲು ನೋಡಿದಳು. "ಪಾದ್ರಿ ಬೆನ್ನಿನ ಹಾಗೆ ಸೆಟೆದ್ಕೊಂಡಿದೆ. ಆರ್ವೋ ಬಿಲ್ಲಲ್ಲಿ ನಡು ಕೊರೆದು ದಾರಿ ಮಾಡಿರ್ತಾರೆ, ಬಾಣ ನೇರ ನುಗ್ಗತ್ತೆ. ಈ ಬಿಲ್ಲಿನ ನಡು ದಪ್ಪ. ಬಾಣ ಅದನ್ನ ಬಳಸ್ಕೊಂಡು ಬಳುಕಿ ಹೋಗ್ಬೇಕು. ಬಳುಕದೇ ಇದ್ರೆ ಎಡಕ್ಕೆ ಎಗರತ್ತೆ. ನಿನ್ನ ತಪ್ಪಲ್ಲ ಕಣೇ, ಕಡ್ಡೀದು."

ಒಳಗೆ ಹೋಗಿ ಮಂಚದ ಕೆಳಗಿಂದ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿಟ್ಟ ತನ್ನ ಬಾಣಗಳನ್ನು ತಂದಳು. ದೇವದಾರು ಕಡ್ಡಿ, ಟರ್ಕಿ ಕೋಳಿಯ ಗರಿ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ, ಬಿರುಕಿನ ಸದ್ದು ಬರುತ್ತದೆಯೇ ಎಂದು ಆಲಿಸಿದಳು. "ಇವು ನನ್ನ ಕೈಲಿ ಕೂದಲು ಸೀಳ್ತಿದ್ವು. ಹೊಡಿ."

ಬಾಣ ಬಾಲ ಬಡಿಯುತ್ತಾ ಬಲಕ್ಕೆ ಹೋಗಿ ಬೇಲಿ ದಾಟಿತು. ಇನ್ನೊಂದೂ ಬಲಕ್ಕೇ.

ತನ್ನ ಬಾಣಗಳೇ ತನ್ನ ಮಾನ ಕಳೆದಂತೆ ಸೈಮಾಳ ಮುಖ ಸಣ್ಣಗಾಯಿತು. ಲೆಂಪಿಗೆ ಅಳು ಬರುವುದೊಂದು ಬಾಕಿ. ಆದರೂ ಹಟಕ್ಕೆ ಮತ್ತೊಂದನ್ನು ಹೂಡಿ ಕೆನ್ನೆಯವರೆಗೆ ಎಳೆದಳು. ಆಗ ಬಿಲ್ಲು ಹಿಡಿದ ಬೆರಳಿಗೆ ಏನೋ ತಣ್ಣಗೆ ತಗುಲಿತು. ಬಾಣದ ಮೊನೆ! ಬಾಣವಿಡೀ ಮುಗಿದು, ಮೊನೆ ಅವಳ ಬೆರಳಿನವರೆಗೂ ಬಂದುಬಿಟ್ಟಿತ್ತು. ಹೆದೆಯನ್ನು ಮೆಲ್ಲಗೆ ಸಡಿಲಿಸಿದಳು.

"ದೊಡ್ಡಮ್ಮ, ಬಾ ಇಲ್ಲಿ. ಕೈ ಚಾಚು."

ಇಬ್ಬರೂ ಎದೆಗೆದೆ ತಾಗಿಸಿ ನಿಂತು ತೋಳನ್ನು ಪಕ್ಕಕ್ಕೆ ಚಾಚಿದರು. ಸೈಮಾಳ ಬೆರಳ ತುದಿ ಲೆಂಪಿಯ ಮಣಿಕಟ್ಟನ್ನೂ ಮುಟ್ಟಲಿಲ್ಲ. ಶಾಲೆಯಲ್ಲಿ ಹುಡುಗರು ಕೊಕ್ಕರೆ ಎಂದು ಕೂಗುತ್ತಿದ್ದ ಹುಡುಗಿಯ ತೋಳು ಅದು.

"ನೀನು ಇಷ್ಟು ಎಳೀತಿದ್ದೆ, ನಾನು ಅಷ್ಟು ಎಳೀತೀನಿ. ನನ್ನ ಕೈಲಿ ಬಿಲ್ಲು ಇನ್ನೂ ಬಾಗತ್ತೆ, ಇನ್ನೂ ಜೋರಾಗಿ ಒದೆಯತ್ತೆ. ನಿನ್ನ ಕಡ್ಡಿ ಆ ಒದೆತಕ್ಕೆ ತೀರಾ ಬಳುಕಿಬಿಡತ್ತೆ!"

ಸೈಮಾ ತನ್ನ ತೋಳನ್ನೂ ಅವಳ ತೋಳನ್ನೂ ಮತ್ತೊಮ್ಮೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾನೆಂಥ ಪೆದ್ದಿ! ಬಿಲ್ಲಿನ ಜೊತೆ ತೋಳೂ ಕೊಟ್ಟೆ ಅಂತ ತಿಳ್ಕೊಂಡಿದ್ದೆ."

ಮಾರನೆಯ ದಿನವೇ ಕೆಲಸ ಶುರುವಾಯಿತು. ದೇವದಾರಿನ ಹೊಸ ಕಡ್ಡಿಗಳು ಬಂದವು. ಜಗಲಿಯ ಕಟಕಟೆಗೆ ಎರಡು ಮೊಳೆ ಹೊಡೆದು, ಕಡ್ಡಿಯನ್ನು ಅವುಗಳ ಮೇಲೆ ಮಲಗಿಸಿ, ನಡುವಿಗೆ ಕೊಡಲಿಯ ತಲೆ ತೂಗುಹಾಕಿದರು. ಎಷ್ಟು ಜೋಲುತ್ತದೋ ಅಲ್ಲಿಗೆ ಹಿಂದಿನ ಹಲಗೆಯ ಮೇಲೆ ಪೆನ್ಸಿಲ್ ಗೀಟು. ಸೈಮಾಳ ಬಾಣದಷ್ಟು ಜೋಲಬಾರದು, ಅಂಗಡಿಯ ಬಾಣದಷ್ಟು ಬಿಗಿಯಾಗಿಯೂ ಇರಬಾರದು. ನಡುವೆ, ಒಂದೇ ಗೀಟಿಗೆ ಬಂದವುಗಳನ್ನಷ್ಟೇ ಎತ್ತಿಟ್ಟರು. ಉಳಿದವು ಟೊಮೆಟೊ ಗಿಡಗಳಿಗೆ ಊರುಗೋಲಾಗಲೆಂದು ಮೂಲೆ ಸೇರಿದವು.

ಲೆಂಪಿ ಹೊಸ ನಮೂನೆಯ ತೆಳ್ಳನೆ ಹೆದೆಯೊಂದನ್ನು ತಂದಿದ್ದಳು. ಸೈಮಾ ಅವಳ ಕೈಗೊಂದು ಏಟು ಹಾಕಿದಳು. "ಇದು ಒಂಚೂರೂ ಹಿಗ್ಗಲ್ಲ. ಹಳೇ ಬಿಲ್ಲಿನ ತುದಿ ಮುರ್ಕೊಂಡು ಹೋಗತ್ತೆ. ಹಳೇ ಥರದ್ದೇ ಹಾಕು."

ಲೆಂಪಿ ಕಡ್ಡಿಗಳನ್ನು ಬೇಕೆಂದೇ ಉದ್ದವಾಗಿ ಬಿಟ್ಟು, ಗರಿ ಕಟ್ಟದೆ ಬರೀ ಮೊನೆ ಸಿಕ್ಕಿಸಿ ಹೊಡೆದಳು. ಗರಿ ಇದ್ದರೆ ಅದು ಬಾಣದ ತಪ್ಪನ್ನು ಮುಚ್ಚಿಹಾಕುತ್ತದೆ. ಬೋಳು ಬಾಣಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಬಲಕ್ಕೆ ಹೋಯಿತು. ತುದಿಯಿಂದ ಉಗುರಿನಷ್ಟು ಗರಗಸದಲ್ಲಿ ಕತ್ತರಿಸಿದಳು. ಗಿಡ್ಡವಾದಷ್ಟೂ ಕಡ್ಡಿ ಬಿಗಿಯಾಗುತ್ತದೆ. ಮತ್ತೆ ಹೊಡೆದಳು. ಮತ್ತೆ ಕತ್ತರಿಸಿದಳು. ಬಲಕ್ಕೆ ಸರಿಯುವುದು ಕಡಿಮೆಯಾಗುತ್ತಾ ಬಂತು. ಅಂಗಳದ ಬರ್ಚ್ ಮರಗಳ ಎಲೆ ಹಳದಿಯಾದವು, ಉದುರಿದವು.

ಒಂದು ಮಧ್ಯಾಹ್ನ ಬೋಳು ಬಾಣ ಹೆದೆ ಬಿಟ್ಟು, ದಾರದ ಮೇಲೆ ಜಾರಿದ ಹಾಗೆ ಹೋಗಿ, ಮೂಟೆಯ ನಡುವೆ ನೇರವಾಗಿ ನಾಟಿಕೊಂಡಿತು. ಬಾಲ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಲೆಂಪಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಹೊಡೆದಳು. ಅದು ಮೊದಲನೆಯದರ ಪಕ್ಕಕ್ಕೇ ಹೋಗಿ ಕುಳಿತಿತು.

"ಈಗ ಗರಿ ಕಟ್ಟು" ಎಂದಳು ಸೈಮಾ.

ಬೇಟೆಯ ಕ್ಯಾಂಪಿನ ಅಂಗಳದಲ್ಲಿ ಆರ್ವೋ ಕಾಗದದ ತಟ್ಟೆಯೊಂದನ್ನು ಮೂಟೆಗೆ ಚುಚ್ಚಿ, ಕೈಕಟ್ಟಿ ನಿಂತ. ಲೆಂಪಿಯ ಬಾಣಗಳು ಒಂದರ ಹಿಂದೊಂದು ತಟ್ಟೆಯೊಳಗೇ ಬಿದ್ದವು. ಅವನು ಹತ್ತಿರ ಹೋಗಿ ಬಗ್ಗಿ ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ಹಳೇ ಸೇಬಿನ ತೋಟದ ಕಡೆ ನೀನು ಹೋಗು. ಬೆಳಗ್ಗೆ ಗಾಳಿ ಅಲ್ಲಿ ಚೆನ್ನಾಗಿರತ್ತೆ, ಜಿಂಕೆಗೆ ನಿನ್ನ ವಾಸನೆ ಹೋಗಲ್ಲ" ಎಂದ. ಅದು ಅವನದೇ ಜಾಗವಾಗಿತ್ತು.

ಯಾರೋ ಎಂದೋ ಬಿಟ್ಟುಹೋದ ತೋಟ. ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಲೆಂಪಿ ಹೆಮ್ಲಾಕ್ ಮರವೊಂದಕ್ಕೆ ಒರಗಿ ನಿಂತಿದ್ದಳು. ಬೆಳಕು ಹರಿಯುತ್ತಿದ್ದಂತೆ ಗಂಡು ಜಿಂಕೆಯೊಂದು ಬಂದು, ಬಿದ್ದ ಸೇಬನ್ನು ಮೂಸಿ ಕಚ್ಚಿತು. ಅಗಿಯುವ ಸದ್ದು ಕೇಳುವಷ್ಟು ಹತ್ತಿರ. ಅವಳು ಕಾದಳು. ಅದು ಪಕ್ಕೆ ತೋರಿಸಿ, ಮುಂಗಾಲು ಮುಂದಿಟ್ಟಿತು. ಆಗ ಆ ಉದ್ದನೆಯ ತೋಳು ಹೆದೆಯನ್ನು ಕೆನ್ನೆಯವರೆಗೆ ತಂದಿತು. ಬಾಣ ಹೋದದ್ದು ಅವಳಿಗೆ ಕಾಣಲೇ ಇಲ್ಲ. ಮುಂಗಾಲಿನ ಹಿಂದೆ ಬಿಳಿ ಗರಿ ಒಮ್ಮೆ ಮಿನುಗಿ ಮಾಯವಾಯಿತು. ಜಿಂಕೆ ಒಂದು ನೆಗೆತ ನೆಗೆದು ಓಡಿ, ಬೇಲಿಯ ಕಲ್ಲುಗುಪ್ಪೆಯ ಹತ್ತಿರ ನಿಂತು, ಹಾಗೆಯೇ ಕಾಲು ಮಡಚಿ ಒರಗಿತು. ನರಳಾಟವಿಲ್ಲ, ಒದ್ದಾಟವಿಲ್ಲ.

ಲೆಂಪಿ ಬಿಲ್ಲನ್ನು ಮರಕ್ಕೆ ಒರಗಿಸಿದಳು. ಹತ್ತಿರ ಹೋಗಿ, ಕುಳಿತು, ಬೆಚ್ಚಗಿನ ಕತ್ತಿನ ಮೇಲೆ ಕೈಯಿಟ್ಟಳು. ಆಮೇಲೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಕಾಡೆಲ್ಲ ಕೇಳುವಂತೆ ಕೂಗಿದಳು. ಕಾಗೆಗಳು ಹಾರಿ ಹೋದವು.

ಆರ್ವೋ ಓಡಿ ಬಂದ. ಜಿಂಕೆಯನ್ನು ಹೊರಳಿಸಿ ಎರಡೂ ಪಕ್ಕೆ ನೋಡಿದ. "ಈ ಕಡೆಯಿಂದ ಹೋಗಿ ಆ ಕಡೆ ಬಂದಿದೆಯಲ್ಲೇ! ಬಾಣ ಎಲ್ಲಿ?"

ಬಾಣ ಆಚೆಯ ಹುಲ್ಲಿನಲ್ಲಿ ನೆಟ್ಟಗೆ ನಿಂತಿತ್ತು.

"ಬಾಯಿ ಮುಚ್ಕೊಂಡು ಒಂದು ಕೊಂಬು ಹಿಡಿ" ಎಂದಳು ಲೆಂಪಿ. ಇಬ್ಬರೂ ಎಳೆಯುತ್ತಾ, ಜಾರುತ್ತಾ, ನಗುತ್ತಾ ಕ್ಯಾಂಪಿನ ಕಡೆ ಇಳಿದರು. ಅಡುಗೆಗೆಂದು ಬಂದಿದ್ದ ಸೈಮಾ ಕ್ಯಾಂಪಿನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಜಿಂಕೆಯ ಕಡೆ ತಿರುಗಿಯೂ ನೋಡದೆ, ಲೆಂಪಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಾಗೆ ಹಿಡಿಯಲು ಆ ಗಿಡ್ಡ ಮುದುಕಿ ತುದಿಗಾಲಲ್ಲಿ ನಿಲ್ಲಬೇಕಾಯಿತು.

"ಒಳಗೆ ಬಾ. ಈರುಳ್ಳಿ ಹೆಚ್ಚಿ ಇಟ್ಟಿದ್ದೀನಿ, ಬಾಣಲೆ ಕಾದಿದೆ. ಕೂಗಿದ್ದು ಇಲ್ಲೀವರೆಗೂ ಕೇಳಿಸ್ತು."